ಮೇಜಿನ ಮೂಲೆಗೆ ಸುತ್ತಿದ ಬಟ್ಟೆ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಆಸ್ಪತ್ರೆಯ ವೈದ್ಯರ ದೂರು ಠಾಣೆಗೆ ಬಂತು. ಹೊಲಿಗೆ ಅಂಗಡಿಯಲ್ಲಿ ಕೆಲಸಕ್ಕಿದ್ದ ಯುವತಿ ಶನಿವಾರ ಅಲ್ಲಿಯ ಮೆಟ್ಟಿಲ ಮೇಲೆ ಮೂರ್ಛೆರೋಗದ ಫಿಟ್ಸು ಬಂದು ಉರುಳಿದ್ದಳು. ತಲೆಯೊಡೆದು ಇನ್ನೂ ಪ್ರಜ್ಞೆ ಬಂದಿರಲಿಲ್ಲ. ಮಾತ್ರೆ ತಪ್ಪಿಸದೆ ನುಂಗುತ್ತ ಎರಡು ವರ್ಷ ಕಲ್ಲುಗುಂಡಿನ ಹಾಗಿದ್ದವಳ ರಕ್ತದಲ್ಲಿ ಆ ಮಾತ್ರೆಯ ಅಂಶವೇ ಇರಲಿಲ್ಲ. ಮನೆಯಿಂದ ತರಿಸಿದ ಡಬ್ಬಿಯಲ್ಲಿದ್ದದ್ದು ಬರೀ ವಿಟಮಿನ್.

ಎಫ್‌ಐಆರ್ ದಾಖಲಿಸಿದ ಇನ್‌ಸ್ಪೆಕ್ಟರಮ್ಮನಿಗೆ ಮೊದಲು ಗುಮಾನಿ ಬಂದದ್ದು ಔಷಧಿ ಅಂಗಡಿಯವನ ಮೇಲೆ. ಆದರೆ ಅವನಲ್ಲಿ ಅದೇ ಮಾತ್ರೆ ಕೊಂಡ ಉಳಿದವರೆಲ್ಲ ಚೆನ್ನಾಗಿದ್ದರು. ಪಾಪದವನ ಬೆವರನ್ನು ಸುಮ್ಮನೆ ಇಳಿಸಿದಂತಾಯಿತು.

ಮಧ್ಯಾಹ್ನ ಪಂಚನಾಮೆಗೆ ಯುವತಿಯ ಮನೆಗೆ ಹೋದರು. ಅಕ್ಕತಂಗಿ ಇಬ್ಬರೇ ಇದ್ದ ಮನೆ. ಅತ್ತೂ ಅತ್ತೂ ಅಕ್ಕನ ಕಣ್ಣು ಊದಿತ್ತು.

"ಮಾತ್ರೆ ಯಾರು ಕೊಡೋದು?"

"ನಾನೇ. ಚಿಕ್ಕಂದಿನಿಂದ ಎಲ್ಲಾ ನಾನೇ. ಈಗ ಬಿಡಿ, ಅವಳು ಬಾಯಿ ತೆಗೆದ್ರೆ ಅಂಗಡಿ ಗೆಳತಿಯರ ಸುದ್ದಿ."

ತಂಗಿಯ ಕೋಣೆಯಲ್ಲಿ ಮಂಚವಿರಲಿಲ್ಲ. ಹಾಸಿಗೆ ನೆಲದ ಮೇಲಿತ್ತು. ಕತ್ತರಿ, ಗಾಜಿನ ಲೋಟ ಕಪಾಟಿನ ನೆತ್ತಿಗೇರಿದ್ದವು. ಮೇಜಿನ ನಾಲ್ಕೂ ಮೂಲೆಗೆ ಹಳೆ ಬಟ್ಟೆ ಸುತ್ತಿ ದಾರ ಬಿಗಿದಿತ್ತು.

"ಇದೆಲ್ಲ ಯಾವಾಗ ಮಾಡಿದ್ದು?"

"ಅವಳು ಬಿದ್ದ ಮೇಲೆ. ಮನೆಗೆ ಬಂದಾಗ ಅನುಕೂಲ ಆಗ್ಲಿ ಅಂತ."

ಪಕ್ಕದ ಮನೆಯಾಕೆಯನ್ನು ಪೇದೆ ವಿಚಾರಿಸಿ ಬಂದ. ಮಂಚ ಹೊರಗೆ ಸಾಗಿಸಲು ಆಕೆಯೇ ಕೈಜೋಡಿಸಿದ್ದಳಂತೆ, ಬುಧವಾರ.

"ಎರಡು ವರ್ಷದಿಂದ ಬರದ ಫಿಟ್ಸು ಬರತ್ತೆ ಅಂತ ಬುಧವಾರವೇ ಹೇಗಮ್ಮ ಗೊತ್ತಾಯ್ತು?"

ಅಕ್ಕ ಮೇಜಿನ ಮೂಲೆಯ ಬಟ್ಟೆ ಸವರಿದಳು. "ಮನೇಲೇ ಬರತ್ತೆ ಅಂದ್ಕೊಂಡಿದ್ದೆ. ಪೆಟ್ಟಾಗಬಾರದು ಅಂತ ಎಲ್ಲಾ ಮಾಡಿಟ್ಟಿದ್ದೆ."

"ಮಾತ್ರೆ ಯಾಕೆ ಬದಲಾಯಿಸಿದ್ರಿ?"

"ಮೊದ್ಲೆಲ್ಲ ಫಿಟ್ಸು ಬಂದು ಎಚ್ಚರ ಆದ ಕೂಡ್ಲೆ ಎಡಗೈ ಚಾಚಿ ನನ್ನ ಕೈ ಹುಡುಕ್ತಿದ್ಲು. ಈ ಮಾತ್ರೆ ಹಿಡಿಸಿದ್ಮೇಲೆ ನಾನು ಯಾರಿಗೂ ಬೇಡವಾದೆ. ಆ ಮಾತ್ರೆ ಕಂಡ್ರೇನೇ ಹೊಟ್ಟೆ ಉರೀತಿತ್ತು, ಮೇಡಂ."

ಬಚ್ಚಿಟ್ಟಿದ್ದ ಅಸಲಿ ಮಾತ್ರೆಗಳನ್ನು ಅವಳೇ ತಂದುಕೊಟ್ಟಳು. ಸಂಜೆ ಐದಕ್ಕೆ ಬಂಧನವಾಯಿತು. ಜೀಪು ಹೊರಡುವಾಗ ಆಸ್ಪತ್ರೆಯಲ್ಲಿದ್ದ ಮಹಿಳಾ ಪೇದೆಯ ಫೋನು ಬಂತು.

"ಎಚ್ಚರ ಆಗಿದೆ ಮೇಡಂ. ಅಕ್ಕ ಎಲ್ಲಿ ಅಂತಿದ್ದಾಳೆ."

"ಹತ್ರ ಯಾರಿದ್ದಾರೆ?"

"ಅಂಗಡಿ ಗೆಳತಿ. ಕೈ ಹಿಡ್ಕೊಂಡು ಕೂತಿದ್ದಾಳೆ."

ಮಾತು ಪಕ್ಕದಲ್ಲಿದ್ದ ಅಕ್ಕನಿಗೂ ಕೇಳಿಸಿತು. ಅವಳ ಮುಖ ಕಪ್ಪಿಟ್ಟಿದ್ದು ಕಂಡು ಇನ್‌ಸ್ಪೆಕ್ಟರಮ್ಮನಿಗೆ ಸಿಟ್ಟೂ ಬಂತು, ಸಂಕಟವೂ ಆಯಿತು.

"ಎಡಗೈ ಹಿಡ್ಕೋಬೇಕು," ಅಂದಳು ಅಕ್ಕ. "ಆ ಗೆಳತಿಗೆ ಗೊತ್ತಿರಲ್ಲ. ಹೇಳಿ."