ಕನ್ನಡಿಯ ಮೇಲೆ ಒಣಗದ ಗುರುತು

ಮರುಭೂಮಿಯ ಊರು ತೋಝರ್‌ನ ಹಮಾಮಿಗೆ, ಹೆಂಗಸರ ಸ್ನಾನದ ಮನೆಗೆ, ಬಟ್ಟೆ ಒಗೆಯುವ ಹನಿಯ್ಯಾ ಬಂದು ಮನ್ನೂಬಿಯಾಳ ಮುಂದೆ ಕುಸಿದು ಕೂತಳು. ಅವಳು ಬಟ್ಟೆ ಒಗೆಯುವ ತಿಜಾನಿಯಾಳ ಮನೆಯ ಬೀರುವಿನಿಂದ ಮದುವೆಯ ಚಿನ್ನದ ಬಳೆ ಕಾಣೆಯಾಗಿತ್ತು. ಕಳ್ಳಿ ಎಂಬ ಹೆಸರು ಇವಳಿಗೆ ಬಂದಿತ್ತು. ಆ ಹೆಸರು ಅಂಟಿದರೆ ಊರಿನ ಯಾವ ಬಾಗಿಲೂ ಅವಳಿಗೆ ತೆರೆಯುವುದಿಲ್ಲ.

ಮೂವತ್ತು ವರ್ಷ ಹೆಂಗಸರ ಮೈ ಉಜ್ಜಿದ ಮನ್ನೂಬಿಯಾ ಚರ್ಮವನ್ನು ಕಾಗದದಂತೆ ಓದಬಲ್ಲಳು. ಅವಳಿಗೆ ನೀರು ಹೊರುತ್ತಾ ನಾನು ಅದನ್ನು ಎಷ್ಟೋ ಸಲ ಕಂಡಿದ್ದೆ.

ನಾವು ಮೂವರೂ ತಿಜಾನಿಯಾಳ ಮನೆ ತಲುಪಿದಾಗ ನಡುಮಧ್ಯಾಹ್ನ. ಮರಳುಗಾಳಿಗೆ ಅಂಗಳದ ಬಟ್ಟೆಗಳು ಆಗಲೇ ಒಣಗಿ ಗರಿಗರಿಯಾಗಿದ್ದವು. ತಿಜಾನಿಯಾಳ ನಾದಿನಿ ಝೊಹ್ರಾ ಬೀರುವಿನ ಕನ್ನಡಿ ತೋರಿಸಿದಳು. ಅದರ ಮೇಲೆ ಒದ್ದೆ ಅಂಗೈಯ ಗುರುತು ಹೊಳೆಯುತ್ತಿತ್ತು.

“ಬೆಳಗ್ಗೆಯಿಂದ ಇದೆ. ಈ ಮನೇಲಿ ಒದ್ದೆ ಕೈ ಯಾರದು ಅಂತ ನಾನು ಬೇರೆ ಹೇಳ್ಬೇಕಾ?”

ತಿಜಾನಿಯಾ ಊಟ ಬಡಿಸಲು ಒಳಗೆ ಹೋದಳು. ಮನ್ನೂಬಿಯಾ ತನ್ನ ಕೈಯನ್ನು ನೀರಿನಲ್ಲಿ ಅದ್ದಿ ಆ ಗುರುತಿನ ಪಕ್ಕ ಒತ್ತಿದಳು. ಆಮೇಲೆ ಊಟಕ್ಕೆ ಕರೆದರು. ಕುಸ್ಕುಸ್‌ಗೆ ಮುನ್ನ ಎಲ್ಲರೂ ಅಂಗಿಯ ತೋಳು ಮಡಚಿ ಕೈ ತೊಳೆದೆವು. ತಿಜಾನಿಯಾ ಮಾತ್ರ ಉದ್ದ ತೋಳನ್ನು ಹಾಗೆಯೇ ಒದ್ದೆ ಮಾಡಿಕೊಂಡಳು.

ಊಟವಾದ ಮೇಲೆ ಮನ್ನೂಬಿಯಾ ಎಲ್ಲರನ್ನೂ ಕನ್ನಡಿಯ ಮುಂದೆ ಸೇರಿಸಿದಳು. ಅವಳು ಒತ್ತಿದ ಗುರುತು ಮಾಯವಾಗಿತ್ತು. ಹಳೆಯದು ಹಾಗೇ ಹೊಳೆಯುತ್ತಿತ್ತು. ಅದನ್ನು ಬೆರಳಿಂದ ಮುಟ್ಟಿ ನಾಲಿಗೆಗಿಟ್ಟಳು.

“ಸಿಹಿ. ಇದು ನೀರಲ್ಲ, ಗ್ಲಿಸರಿನ್. ತೇವಾನ ಹಿಡ್ಕೊಂಡು ಕೂರುತ್ತೆ, ಬೇಗ ಒಣಗಲ್ಲ. ಚರ್ಮಕ್ಕೂ ಅದೇ ಉಪಕಾರ ಮಾಡುತ್ತೆ. ಹನಿಯ್ಯಾ, ಕೈ ತೋರ್ಸು.” ಸೋಪು, ಸೋಡಾ ತಿಂದು ಬಿರುಕುಬಿಟ್ಟ ಅಂಗೈ. “ಗ್ಲಿಸರಿನ್ ಕಂಡ ಕೈಯಾ ಇದು? ಬಳೆ ಕದಿಯೋಕೆ ಗ್ಲಿಸರಿನ್ ಬೇಡ. ಹಾಕ್ಕೊಂಡ ಬಳೆ ತೆಗೆಯೋಕೆ ಬೇಕು. ತಿಜಾನಿಯಾ ಅಕ್ಕಾ, ತೋಳು ಮೇಲೆ ಮಾಡು.”

ಕೆಂಪಗೆ ಊದಿದ ಮಣಿಕಟ್ಟಿನಲ್ಲಿ ಬಳೆ ಹೂತುಹೋಗಿತ್ತು.

“ನನ್ನ ಮದುವೇದು. ನಾಡಿದ್ದು ಮಗಳ ಮದುವೆ, ಆಮೇಲೆ ಇದು ಅವಳದು,” ಎಂದಳು ತಿಜಾನಿಯಾ, ನೆಲ ನೋಡುತ್ತಾ. “ಒಂದೇ ಸಲ ಕನ್ನಡೀಲಿ ನೋಡ್ಕೋಬೇಕು ಅನ್ನಿಸ್ತು. ಸಿಕ್ಕಿಹಾಕ್ಕೊಂಡ್ತು. ಆಮೇಲೆ ಹೇಳೋಕೆ ಬಾಯೇ ಬರ್ಲಿಲ್ಲ.”

ಯಾರೂ ನಗಲಿಲ್ಲ. ಊತ ಇಳಿಯಲೆಂದು ಕೈ ಮೇಲೆತ್ತಿ ಸ್ವಲ್ಪ ಹೊತ್ತು ಹಿಡಿಯಲು ಹೇಳಿ ಮನ್ನೂಬಿಯಾ ಗ್ಲಿಸರಿನ್‌ಗೆ ಪನ್ನೀರು ಬೆರೆಸಿದಳು.

“ಬರೀದು ಸುರ್ಕೊಂಡ್ರೆ ಈ ಒಣಹವೇಲಿ ಚರ್ಮದ ನೀರನ್ನೇ ಎಳೆಯುತ್ತೆ. ಹೀಗೆ ಬೆರೆಸಿ ಹಚ್ಚು, ಇದರಷ್ಟು ಸಾಧು ಇನ್ನೊಂದಿಲ್ಲ.”

ಬಳೆಯನ್ನು ಮೆಲ್ಲಗೆ ತಿರುಗಿಸಿ ಬಿಡಿಸಿದವಳು ಹನಿಯ್ಯಾ. ಅದನ್ನು ಅವಳು ಕೊಡಲು ಬಂದಾಗ ತಿಜಾನಿಯಾ ಕಿಟಕಿಯ ಮೇಲಿಟ್ಟು, ಉಳಿದ ಪನ್ನೀರಿನ ಗ್ಲಿಸರಿನ್ನನ್ನು ಹನಿಯ್ಯಾಳ ಒಡೆದ ಕೈಗಳಿಗೆ ಬೆರಳು ಬೆರಳಿಗೂ ಹಚ್ಚತೊಡಗಿದಳು.

“ಝೊಹ್ರಾ ನಿನ್ನನ್ನ ಕಳ್ಳಿ ಅಂತ ಹೇಳಿ ಬಂದ ಬಾಗಿಲಿಗೆಲ್ಲ ನಾನೇ ಹೋಗಿ ನಿಜ ಹೇಳ್ತೀನಿ,” ಎಂದಳು. “ನೀನೂ ಜೊತೆಗೆ ಬಾ, ಹನಿಯ್ಯಾ. ನನಗೊಬ್ಬಳಿಗೇ ಧೈರ್ಯ ಇಲ್ಲ.”