ಉಣ್ಣಿ ಕೀಳುವಾಗಿನ ಹೊಟ್ಟೆಕಿಚ್ಚು

ದವಾಖಾನೆಯ ಪರದೆ ಸರಿಯಿತು. ಸುವರ್ಣಾಳ ಕೈಯಲ್ಲಿದ್ದ ಹತ್ತಿಯುಂಡೆ ಜಾರಿ ಕೆಳಗೆ ಬಿತ್ತು.

ಅವನೇ... ಶ್ರೀಶೈಲ!

ಮೂರು ವಾರದ ಹಿಂದೆ ಸಿಂದಗಿಯಿಂದ ಅವಳನ್ನು ನೋಡಲು ಬಂದು, ಅವಲಕ್ಕಿ ತಿಂದು, ಚಹಾ ಕುಡಿದು, 'ಹೇಳಿ ಕಳಸ್ತೇವಿ' ಎಂದು ಹೋದ ಶಾಲೆಯ ಮಾಸ್ತರ. ಆಮೇಲೆ ಸುದ್ದಿಯೇ ಇಲ್ಲ. ಈಗ ನೋಡಿದರೆ, ಅವಳು ನರ್ಸ್ ಆಗಿರುವ ಮುದ್ದೇಬಿಹಾಳದ ದವಾಖಾನೆಗೆ ತಾನೇ ಬಂದಿದ್ದಾನೆ. ಅದೂ ಒಬ್ಬನೇ ಅಲ್ಲ. ಅವನ ಹೆಗಲ ಮೇಲೆ ಕೈಯೂರಿ ಕುಂಟುತ್ತ ಬಂದವಳು ಒಬ್ಬ ಚೆಂದನೆಯ ಹೆಣ್ಣು!

ಸುವರ್ಣಾ ಬಗ್ಗಿ ಹತ್ತಿಯುಂಡೆ ಎತ್ತಿ ಕಸದ ಬುಟ್ಟಿಗೆ ಒಗೆದಳು.

"ಡಾಕ್ಟರು ಊಟಕ್ಕ ಹೋಗ್ಯಾರ. ಏನಾಗೈತಿ?" ಗೋಡೆ ನೋಡುತ್ತ ಕೇಳಿದಳು.

"ತಾಳಿಕೋಟಿ ಹತ್ರ ಸ್ಕೌಟ್ ಮಕ್ಕಳ ಶಿಬಿರ ಇತ್ರಿ," ಅವನು ತಡವರಿಸಿದ. "ಜಾಗಾ ಹಸನ ಐತಂತ ಡೇರೆ ಹೊಡದ್ವಿ. ಆಮೇಲೆ ಗೊತ್ತಾತು, ಅಲ್ಲಿ ವಾರದ ಹಿಂದ ಕುರಿ ತರುಬಿದ್ರಂತ..."

ಬೇರೆ ದಿನವಾಗಿದ್ದರೆ ಸುವರ್ಣಾ ಬಿದ್ದು ಬಿದ್ದು ನಗುತ್ತಿದ್ದಳು. ಗೊಬ್ಬರವಾಗಲೆಂದು ಹೊಲದಲ್ಲಿ ಕುರಿ ಮಂದೆ ಕೂಡಿಸಿದ ಜಾಗದಲ್ಲಿ ಉಣ್ಣಿ ಇರದೆ ಇನ್ನೇನಿರುತ್ತದೆ!

"ಮಕ್ಕಳ ಮೈಮ್ಯಾಲಿನವು ಅಲ್ಲೇ ತಗದ್ವಿ. ನನ್ನವು ಉಳದಾವ. ರಂಜನಾ ಟೀಚರ್ ಡೇರೆ ಹಗ್ಗಕ್ಕ ಎಡವಿ ಕಾಲೂ ಉಳುಕಿಸಿಕೊಂಡಾರ."

ಗೈಡ್ಸ್ ಸಮವಸ್ತ್ರದಲ್ಲಿ, ಕೊರಳು ಮುಚ್ಚುವಂತೆ ಸ್ಕಾರ್ಫ್ ಸುತ್ತಿದ್ದ ರಂಜನಾ ನಕ್ಕಳು. "ಇವರ ಕುತ್ತಿಗೀಗೆ ನಾನೇ ಸುಣ್ಣಾ ಹಚ್ಚಿದೆರಿ. ಆದ್ರೂ ಬಿಡವಲ್ಲವು."

ಕುತ್ತಿಗೆಗೆ! ಈಕೆ!

"ಸುಣ್ಣಾ ಹಚ್ಚಬಾರದು. ತೊಗಲು ಸುಟ್ಟಿದ್ದು ಕಾಣಸ್ತೈತಿಲ್ಲೋ?" ಸುವರ್ಣಾ ಚಿಮಟಾ ತೆಗೆದಳು. "ಕೂಡ್ರಿ."

ಉಣ್ಣಿಯನ್ನು ಚರ್ಮದ ಹತ್ತಿರ ಹಿಡಿದು, ನೆಟ್ಟಗೆ, ಸಾವಕಾಶ ಎಳೆಯಬೇಕು. ನೂರು ಸಲ ಮಾಡಿದ ಕೆಲಸ. ಇವತ್ತು ಮಾತ್ರ ಸಾವಕಾಶ ಮರೆತುಹೋಯಿತು.

"ಸ್ಸ್..." ಎಂದ ಶ್ರೀಶೈಲ.

"ನೋವಾತೇನ್ರಿ?" ರಂಜನಾ ಥಟ್ಟನೆ ಕೇಳಿದಳು.

'ನಾನು ಕೇಳಬೇಕಾದ ಮಾತನ್ನೂ ಈಕೆಯೇ ಕೇಳಬೇಕೆ!'

ಐದು ಉಣ್ಣಿ ಸ್ಪಿರಿಟ್ಟಿನ ಬಟ್ಟಲು ಸೇರಿದವು.

"ಎರಡು ವಾರದಾಗ ಜ್ವರಾ ಬಂದ್ರ ನಿಮ್ಮ ಸಿಂದಗ್ಯಾಗ ತೋರಿಸ್ರಿ."

"ಇಲ್ಲಿಗೆ ಬರಬಾರದೇನ್ರಿ?"

"ಯಾಕ? ನಿಮ್ಮನ್ನ ನೋಡ್ಕೊಳ್ಳಾಕ ಅಲ್ಲೇ ಮಂದಿ ಅದಾರಲ್ಲ!"

ಅವನ ಮುಖ ಸಪ್ಪಗಾಯಿತು. ಎದ್ದು ಹೊರಗೆ ಹೋದ.

ಸುವರ್ಣಾಳ ಕಣ್ಣು ಉರಿಯಿತು. ಕಾದು ಸಾಕಾದ ಅಪ್ಪ ಶಂಕ್ರೆಪ್ಪ, ಝಳಕಿಯ ಇನ್ನೊಬ್ಬ ವರನ ಕಡೆಯವರಿಗೆ ನಾಳೆಯೇ ಬರಹೇಳಿದ್ದ. ಅವರು ಒಪ್ಪಿದರೆ ಮುಗಿಯಿತು, ಮುಂದಿನ ತಿಂಗಳೇ ಲಗ್ನ. 'ಇವನಿಗಾಗಿ ಇಷ್ಟು ದಿನ ಬಾಗಿಲು ಕಾದೆನಲ್ಲ... ಹುಚ್ಚಿ ನಾನು!'

ತುಟಿ ಕಚ್ಚಿಕೊಂಡು ಅವಳು ರಂಜನಾಳ ಬೂಟು ಬಿಚ್ಚಿದಳು. ಕಾಲುಚೀಲ ಎಳೆದವಳೇ ಹಾಗೆಯೇ ನಿಂತಳು.

ಬೆರಳಲ್ಲಿ ಬೆಳ್ಳಿಯ ಕಾಲುಂಗುರ!

"ನಿಮ್ಮದು... ಲಗ್ನ ಆಗೈತೇನ್ರಿ?"

"ಆಗಿ ಆರು ವರ್ಷ ಆತು. ಮಗಳಿದ್ದಾಳ. ಯಾಕ?" ರಂಜನಾ ಅವಳ ಮುಖ ನೋಡಿದಳು. ನೋಡಿದವಳಿಗೆ ಎಲ್ಲ ತಿಳಿಯಿತು. "ಅಯ್ಯ ತಂಗಿ! ಅದಕ್ಕೇನು ಆ ಪಾಪದವರ ಕುತ್ತಿಗೀ ಮ್ಯಾಲೆ ಅಷ್ಟು ಸಿಟ್ಟು?"

ಸುವರ್ಣಾ ನಾಚಿ ನೀರಾದಳು. ತಲೆ ತಗ್ಗಿಸಿ ಪಟ್ಟಿ ಸುತ್ತತೊಡಗಿದಳು.

"ತಾಳಿಕೋಟಿಯೊಳಗ ದವಾಖಾನಿ ಇದ್ದಿಲ್ಲೇನು?" ರಂಜನಾ ಬಿಡಲಿಲ್ಲ. "ಮಕ್ಕಳನ್ನ ಬ್ಯಾರೆ ಮಾಸ್ತರ ಜೋಡಿ ಸಿಂದಗಿ ಬಸ್ ಹತ್ತಿಸಿ, ಉಲ್ಟಾ ದಾರಿ ಹಿಡದು ಇಲ್ಲಿಗೇ ಕರಕೊಂಡು ಬಂದಾರ. ಕಾಲು ನೋವು ಅದ ಅಂತ ಗೊತ್ತಿದ್ರೂ ನಾ ಹೂಂ ಅಂದೆ. ಮೂರು ವಾರದಿಂದ ಆ ಬಾಡಿದ ಮಾರಿ ನೋಡಿ ನೋಡಿ ಸಾಕಾಗೇದವ್ವ!"

ಪಟ್ಟಿಯ ತುದಿ ಸಿಕ್ಕಿಸಿದವಳೇ ಸುವರ್ಣಾ ಹೊರಗೆ ಓಡಿದಳು. ಅವನು ಬೇವಿನ ಮರದ ಕೆಳಗೆ ನಿಂತಿದ್ದ.

"ಮೂರು ವಾರ ಯಾಕ ಹೇಳಿ ಕಳಸಲಿಲ್ಲ?"

"ಕಳಿಸಿದ್ನಲ್ರಿ! ಅವತ್ತ ನೀವು ತಲಿ ಎತ್ತಲಿಲ್ಲ, ಮಾತೂ ಆಡಲಿಲ್ಲ. ನಂಗ ಹುಡುಗಿ ಪಸಂದ ಅದಾಳ, ಆದ್ರ ಮೊದಲ ಆಕೀನ ಕೇಳ್ರಿ ಅಂತ ರಾಚಪ್ಪ ಕಾಕಾಗ ಹೇಳಿದ್ದೆ. ಉತ್ತರಾನ ಬರಲಿಲ್ಲ. ನಿಮಗ ಒಲ್ಲದ ಮನಸ್ಸು ಅನಕೊಂಡೆ..."

ನೋಡಿ, ಆದದ್ದು ಇಷ್ಟೇ. ಸಂಬಂಧ ಕೂಡಿಸಲು ನಿಂತಿದ್ದ ರಾಚಪ್ಪ ಕಾಕಾನ ಆಯುಷ್ಯದಲ್ಲಿ ಯಾರೂ ಹುಡುಗಿಯನ್ನು ಕೇಳಿ ಲಗ್ನ ಮಾಡಿರಲಿಲ್ಲ. ಹುಡುಗ ಒಲ್ಲೆ ಅನ್ನಲು ನೆಪ ಹುಡುಕಿದನೆಂದು ತಿಳಿದು ಆ ಹಿರಿಯ ಸುಮ್ಮನಾಗಿದ್ದ. ಅತ್ತ ಅವನು ಕಾದ, ಇತ್ತ ಇವಳು ಕಾದಳು.

"ನನ್ನ ಯಾರೂ ಕೇಳೇ ಇಲ್ರಿ," ಅವಳು ತಲೆಯೆತ್ತಿ ಅವನನ್ನು ನೋಡಿದಳು.

"ಈಗ ನಾ ಕೇಳಾಕತ್ತೇನಿ. ಒಪ್ಪಿಗಿ ಐತೇನ್ರಿ?"

"ಆಕಿ ಕೈ ನಿಮ್ಮ ಹೆಗಲ ಮ್ಯಾಲೆ ನೋಡಿ ಜೀವಾನ ಹೋದಂಗಾತು. ಇನ್ನೇನ ಕೇಳ್ತೀರಿ?"

"ಬಾಯಿಬಿಟ್ಟು ಹೇಳ್ರಿ, ಸುವರ್ಣಾ."

"ಐತಿ... ಒಪ್ಪಿಗಿ ಐತಿ!"

ಅವನ ಕಣ್ಣು ತುಂಬಿ ಬಂದವು. "ಹಂಗಾರ ನಾಡಿದ್ದ ಅವ್ವನ್ನ ಕರಕೊಂಡು..."

"ನಾಳೆ ಝಳಕಿಯವರು ನನ್ನ ನೋಡಾಕ ಬರ್ತಾರ."

ಶ್ರೀಶೈಲ ಬೇವಿನ ಬೊಡ್ಡೆಗೆ ಕೈಯೂರಿದ. ಸುವರ್ಣಾಳೇ ಮುಂದುವರಿಸಿದಳು.

"ಡಾಕ್ಟರು ಬಂದ ಕೂಡ್ಲೆ ಮನಿಗೆ ನಡೀರಿ, ಅಪ್ಪನ ಮುಂದ."

"ಈ ಮಣ್ಣಾದ ಅಂಗಿ-ಅರಿವ್ಯಾಗ? ಏನಂತ ಹೇಳ್ಲಿ?"

"ನೀವೇನೂ ಹೇಳಬ್ಯಾಡ್ರಿ," ಸುವರ್ಣಾ ಮೊದಲ ಸಲ ಅವನ ಕೈ ಹಿಡಿದಳು. "ಬಾಜೂಕ ನಿಂದರ್ರಿ, ಸಾಕು. ನಾ ಹೇಳ್ತೇನಿ."