‘ಅಲ್ ದಿಫ್ಫಾ’ ಪ್ಲೇಟುಗಳ ಕಳವು

ಬೆಳಿಗ್ಗೆ ಎಂಟಕ್ಕೆ ಖಾರ್ಟೂಮಿನ ಠಾಣೆಗೆ ನುಗ್ಗಿದ ಇಖ್ಲಾಸ್, ದೂರಿನ ಹಾಳೆಯನ್ನು ಇನ್ಸ್‌ಪೆಕ್ಟರ್ ತಾಜ್ ಅಲ್‌ಸಿರ್‌ನ ಮೇಜಿನ ಮೇಲೆ ಕುಕ್ಕಿದಳು. ‘ಅಲ್ ದಿಫ್ಫಾ’ ದಿನಪತ್ರಿಕೆಯ ಸಂಪಾದಕಿ ಅವಳು. ಹಿಂದಿನ ಸಂಜೆ ಭದ್ರತಾ ಇಲಾಖೆಯವರೆಂದು ಹೇಳಿಕೊಂಡ ಕಪ್ಪು ಕನ್ನಡಕದ ಇಬ್ಬರು ಮುದ್ರಣಾಲಯಕ್ಕೆ ಬಂದು ಅಚ್ಚಿನ ಪ್ಲೇಟುಗಳನ್ನು ಹೊತ್ತೊಯ್ದಿದ್ದರು. ಇವತ್ತು ಪತ್ರಿಕೆ ಬಂದಿರಲಿಲ್ಲ.

“ಭದ್ರತೆಯವ್ರ ಮೇಲೆ ನನ್ ಹತ್ರ ದೂರಾ, ಉಸ್ತಾಜಾ? ನನ್ ಕೆಲಸ ಹೋಗ್ಲಿ ಅಂತಿದೀರಾ?” ‘ಮೇಡಂ’ ಎಂಬರ್ಥದ ‘ಉಸ್ತಾಜಾ’ವನ್ನು ಅವನು ವ್ಯಂಗ್ಯವಾಗಿ ಎಳೆದ.

“ನೀವು ಹಿಡೀತೀರಿ ಅಂತ ಬಂದಿಲ್ಲ. ಬರ್ಕೊಳ್ಳಲ್ಲ ಅನ್ನಿ, ಅದನ್ನೇ ನಾಳೆ ಮುಖಪುಟದಲ್ಲಿ ಹಾಕ್ತೀನಿ.”

ತಾಜ್ ಅಲ್‌ಸಿರ್ ಹಲ್ಲು ಕಚ್ಚಿಕೊಂಡು ಎಫ್‌ಐಆರ್ ದಾಖಲಿಸಿದ. ಲಾಕಪ್ಪಿನ ಹೊಡೆತಗಳ ಬಗ್ಗೆ ಬರೆದು ಅವನ ಬಡ್ತಿಗೆ ಕಲ್ಲು ಹಾಕಿದವಳು ಇವಳೇ. ಅವಳ ಮುಖ ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಮುದ್ರಣಾಲಯದಲ್ಲಿ ಕಾನ್‌ಸ್ಟೆಬಲ್ ಜುಮಾ ಪಂಚನಾಮೆ ಬರೆದ. ಯಂತ್ರ ಓಡಿರಲಿಲ್ಲ, ಕಾಗದದ ಸುರುಳಿಗಳು ಹಾಗೇ ಇದ್ದವು. ತಾಜ್ ಅಲ್‌ಸಿರ್ ಅಲ್ಲೇ ನಿಂತ. ಭದ್ರತೆಯವರ ಪದ್ಧತಿ ಊರಿಗೆಲ್ಲ ಗೊತ್ತು. ಪ್ರತಿಗಳೆಲ್ಲ ಅಚ್ಚಾಗಿ ಕಟ್ಟು ಬಿಗಿದ ಮೇಲೆಯೇ ಅವರು ಬಂದು ಲಾರಿಗೆ ತುಂಬುವುದು. ಕಾಗದ, ಶಾಯಿ, ಕೂಲಿ ಎಲ್ಲ ದಂಡವಾಗಿ ಪತ್ರಿಕೆಯ ಸೊಂಟ ಮುರಿಯಲಿ ಎಂದೇ ಹಾಗೆ.

“ಜುಮಾ, ಇವರು ಪತ್ರಿಕೆಗೆ ನಷ್ಟ ಆಗ್ದಂಗೆ ಕದ್ದಿದಾರಲ್ಲೋ!”

“ಹಂಗಾದ್ರೆ ಒಳಗಿನೋರೇ, ಸಾಹೇಬ್ರೇ.”

ಒಳಗಿನವರಿಗೆ ಬೇಡವಾದ ಸುದ್ದಿ ಯಾವುದೆಂದು ನೋಡಲು ತಾಜ್ ಅಲ್‌ಸಿರ್ ಪತ್ರಿಕೆಯ ಕಚೇರಿಗೆ ಹೋಗಿ, ನಿಂತುಹೋದ ಸಂಚಿಕೆಯ ಮುಖಪುಟ ಕೇಳಿದ.

“ಓಹೋ, ಸೆನ್ಸಾರ್‌ಗೆ ಇನ್ನೊಬ್ರು ಸೇರಿದ್ರು!” ಇಖ್ಲಾಸ್ ಪುಟವನ್ನು ಎಸೆದಳು.

ಮೆರವಣಿಗೆಯಲ್ಲಿ ಗುಂಡು ಹಾರಿಸಿದ ಭದ್ರತೆಯವರನ್ನು ಕಣ್ಣಾರೆ ಕಂಡ ವಿದ್ಯಾರ್ಥಿಯ ಹೇಳಿಕೆ ಅದರಲ್ಲಿತ್ತು. ಹೆಸರು ವಾಯಿಲ್ ಬಾಬಿಕರ್ ಇದ್ರೀಸ್. ಮಗನ ಹೆಸರಿನ ಬೆನ್ನಿಗೇ ಅಪ್ಪನ ಹೆಸರು, ಅಜ್ಜನ ಹೆಸರು ಬರೆಯುವ ಊರು ಇದು. ಮೂಲೆಯಲ್ಲಿ ಕೂತಿದ್ದ ಪುಟ ಕಟ್ಟುವವನ ಹೆಸರು ಕೇಳಿದ. ಬಾಬಿಕರ್ ಇದ್ರೀಸ್ ಎಂದ ಅವನು.

“ವಾಯಿಲ್ ಯಾರು?”

“ನನ್ ಮಗ.”

“ಪ್ಲೇಟು ಎಲ್ಲಿ?”

“ನಮ್ಮನೇಲಿ, ಮಂಚದ ಕೆಳಗೆ.”

“ಬಂದೋರು?”

“ನನ್ ಭಾವಮೈದಂದಿರು. ಕಪ್ಪು ಕನ್ನಡಕ ನಾನೇ ಕೊಡ್ಸಿದ್ದು.”

ಇಖ್ಲಾಸ್ ಎದ್ದು ನಿಂತಳು. “ಹೆಸರು ಹಾಕಿ ಅಂತ ನಿನ್ ಮಗನೇ ಅಂದಿದ್ದು! ಬೇಡ ಅಂತ ನೀನು ನನ್ನ ಕೇಳ್ಬಾರ್ದಿತ್ತಾ?”

“ಕೈ ಮುಗಿದು ಕೇಳ್ದೆ, ನಿಮಗೆ ನೆನಪಿಲ್ಲ, ಉಸ್ತಾಜಾ. ಸಾಕ್ಷಿಗೆ ಹೆಸರು ಇರ್ಲೇಬೇಕು ಅಂದ್ರಿ. ಭದ್ರತೆಯವ್ರು ಅವನ್ನ ಎತ್ಕೊಂಡೋದ್ರೆ ಹೆಣಾನೂ ಸಿಗಲ್ಲ ನಮ್ಗೆ.”

ಇಖ್ಲಾಸ್ ಪೆನ್ನು ತೆಗೆದು ಪುಟದಲ್ಲಿದ್ದ ವಾಯಿಲ್‌ನ ಹೆಸರನ್ನು ಗೀಚಿ ಹಾಕಿದಳು. “ನಾಳೆ ಹೆಸರಿಲ್ದೆ ಬರುತ್ತೆ. ನಿನಗೋಸ್ಕರ ಅಲ್ಲ ಕಳ್ಳಾ, ಅವನ ತಾಯಿಗೋಸ್ಕರ.”

ಬಾಬಿಕರ್‌ನನ್ನೂ ಅವನ ಇಬ್ಬರು ಭಾವಮೈದಂದಿರನ್ನೂ ಬಂಧಿಸಿ, ಪ್ಲೇಟುಗಳನ್ನು ವಶಕ್ಕೆ ಪಡೆದು ಠಾಣೆಗೆ ಬಂದರು. ಬಂಧನದ ವರದಿಯಲ್ಲಿ ‘ಕಾರಣ’ ಎಂಬಲ್ಲಿಗೆ ಬಂದಾಗ ತಾಜ್ ಅಲ್‌ಸಿರ್‌ನ ಕೈ ನಿಂತಿತು. ಪ್ರತಿ ವರದಿಯ ನಕಲೂ ಸಂಜೆಯೊಳಗೆ ಭದ್ರತಾ ಇಲಾಖೆ ಸೇರುತ್ತದೆ. ನಿಜ ಬರೆದರೆ ಹುಡುಗನನ್ನು ತಾನೇ ಹಿಡಿದುಕೊಟ್ಟಂತೆ. ಈ ಪತ್ರಿಕೆಯವರ ಸಹವಾಸವೇ ಬೇಡವಾಗಿತ್ತು ಎಂದು ಮನಸ್ಸಿನಲ್ಲೇ ಶಪಿಸುತ್ತ ಬರೆದ: ‘ಪತ್ರಿಕೆಯ ಮೇಲಿನ ಹಳೆಯ ದ್ವೇಷ.’

ಮೊದಲ ಸಂಚಿಕೆಯಿಂದ ಆ ಪತ್ರಿಕೆಯ ಪುಟ ಕಟ್ಟಿದ ಬಾಬಿಕರ್ ಅದನ್ನು ಓದಿದ.

“ದ್ವೇಷಾನಾ, ಸಾಹೇಬ್ರೇ? ನನಗಾ?”

“ಹೌದು, ನಿನಗೇ. ರುಜು ಹಾಕು.”

ಬಾಬಿಕರ್ ಇನ್ಸ್‌ಪೆಕ್ಟರನ ಮುಖ ನೋಡಿದ. ಅರ್ಥವಾಯಿತು. ಕಣ್ಣೊರೆಸಿಕೊಂಡು ರುಜು ಹಾಕಿದ.